ಮಗ್ಗದ ಊರಿನಲ್ಲಿ ಒಂದು ಪಟ್ಟೆ ಟಾಪು

ದೊಡ್ಡಬಳ್ಳಾಪುರದ ಹೆಸರು ಕೇಳದ ಗೃಹಿಣಿ ಇರಲಾರಳು. ಊರಿಗೆ ನೀವು ಹೋಗಿರದಿದ್ದರೂ ಆ ಊರು ನಿಮ್ಮ ಮನೆಗೆ ಬಂದಿರುತ್ತದೆ. ಮದುವೆ ಮುಂಜಿಯಲ್ಲಿ ಕೈಗೆ ಬಂದದ್ದೋ, ಗೌರಿ ಹಬ್ಬಕ್ಕೆ ತವರಿನವರು ಉಡಿಸಿದ್ದೋ, ಅಂಗಡಿಯವನು "ಥೇಟ್ ರೇಷ್ಮೆ ಥರಾನೇ ಇದೆ ನೋಡಿ ಅಮ್ಮಾ" ಅಂತ ಬಿಡಿಸಿ ಹಾಸಿ ತೋರಿಸಿದ್ದೋ, ಬೀರುವಿನ ಮಧ್ಯದ ಅಂತಸ್ತಿನಲ್ಲಿ ಮಿರುಗುವ ಅಂಚಿನ ಒಂದಾದರೂ ಸೀರೆ ಅಲ್ಲಿಯ ವಿದ್ಯುತ್ ಮಗ್ಗದಲ್ಲಿ ಹುಟ್ಟಿದ್ದಿರಬಹುದು. ಅಂಥ ಊರಿಗೆ ಹೋಗಿ ನಾನು ಸೀರೆ ತರದೆ, ನನಗೇ ಅಂತ ಒಂದು ದೊಗಲೆ ಟಾಪು, ಅದೂ ಬನಿಯನ್ ಬಟ್ಟೆಯದು, ಹೊಲಿದುಕೊಂಡು ಬಂದೆ ಎಂದರೆ ನಗುತ್ತೀರೇನೋ! ನಕ್ಕರೂ ಚಿಂತೆಯಿಲ್ಲ, ಓದಿ. ಹೊಲಿಯುವ ಬಗೆಯನ್ನೂ ಹೇಳುತ್ತೇನೆ, ಊರನ್ನೂ ತೋರಿಸುತ್ತೇನೆ.

ಬೆಂಗಳೂರಿನಿಂದ ದೊಡ್ಡಬಳ್ಳಾಪುರ ಸುಮಾರು 40 ಕಿ.ಮೀ. ಹೆಬ್ಬಾಳ, ಯಲಹಂಕ ದಾಟಿ, ರಾಜಾನುಕುಂಟೆಯ ಮೇಲೆ ಬಸ್ಸು ಹೋಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ಮಾತ್ರ ಮರೆಯಬೇಡಿ. ರೈಲು ಇಷ್ಟವಿರುವವರು ಹಿಂದೂಪುರದ ಕಡೆ ಹೋಗುವ ಗಾಡಿ ಹಿಡಿಯಬಹುದು. ನೆಲಮಂಗಲದ ಕಡೆಯಿಂದ ಬರುವವರಿಗೆ ದಾರಿಯಲ್ಲಿ ಮಧುರೆಯ ಶನಿಮಹಾತ್ಮನ ದರ್ಶನವೂ ಆಗುತ್ತದೆ. ದೇವನಹಳ್ಳಿಯ ಕಡೆಯವರು ಬರುವಾಗ ನಾಲ್ಕು ಚಕ್ಕೋತ ತಂದರೆ, ಹೋದ ಮನೆಯಲ್ಲಿ ಮರ್ಯಾದೆ ಹೆಚ್ಚು!

1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಬೇರೆಯಾದಾಗ ಈ ತಾಲ್ಲೂಕು ಅದಕ್ಕೆ ಸೇರಿತು. ಗ್ರಾಮಾಂತರ ಎಂಬುದು ಹೆಸರಿಗೆ ಅಷ್ಟೆ. ಯಲಹಂಕ ದಾಟಿ ಎಷ್ಟು ದೂರ ಹೋದರೂ ಬಡಾವಣೆಯ ಕಲ್ಲುಗಳು ಬಿಡುವುದಿಲ್ಲ. ನಡುನಡುವೆ ನೀಲಿ ದ್ರಾಕ್ಷಿಯ ಚಪ್ಪರ, ರಾಗಿ ಕೊಯ್ದ ಹೊಲ, ಆಮೇಲೆ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶ. ಅಲ್ಲಿಂದಾಚೆಗೆ ಊರು.

ಊರಿನ ಹೆಸರಿನ ಹಿಂದೆ ಒಂದು ಕಥೆ ಇದೆ. ಹಸುವೊಂದು ದಿನಾ ಹುತ್ತದ ಮೇಲೆ ಒಂದು ಬಳ್ಳದಷ್ಟು ಹಾಲು ಸುರಿಸುತ್ತಿತ್ತಂತೆ, ಅದರಿಂದ ಬಳ್ಳಾಪುರ ಎಂದಾಯಿತಂತೆ. ಬಳ್ಳ ಎಂದರೆ ನಮ್ಮಜ್ಜಿಯರ ಕಾಲದ ಅಳತೆ. ಅಳತೆಯಿಂದಲೇ ಹೆಸರು ಪಡೆದ ಊರಿಗೆ ನಾನು ಅಳತೆ ಟೇಪು ಹಿಡಿದು ಹೋದದ್ದು ಸರಿಯಾಗಿಯೇ ಇತ್ತು ಅನ್ನಿ.

ಅಲ್ಲಿ ನನ್ನ ದೊಡ್ಡಮ್ಮನ ಮನೆ. ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಹೋಗಿ ಸೋಮವಾರ ವಾಪಸು ಬಂದೆ. ನೇಕಾರರ ಬೀದಿಗೆ ಕಾಲಿಟ್ಟರೆ ಮೊದಲು ಎದುರಾಗುವುದು ಸದ್ದು. ಲಟಕ್ ಪಟಕ್, ಲಟಕ್ ಪಟಕ್, ಒಂದು ಮನೆಯದು ಮುಗಿಯುವಷ್ಟರಲ್ಲಿ ಇನ್ನೊಂದು ಮನೆಯದು. ಹೊಸಬರಿಗೆ ತಲೆ ಚಿಟ್ಟು ಹಿಡಿಯುತ್ತದೆ. ಬೀದಿಯ ಮಕ್ಕಳು ಮಾತ್ರ ಆ ಸದ್ದಿಗೇ ನಿದ್ದೆ ಮಾಡುತ್ತವೆ. ಕರೆಂಟು ಹೋಗಿ ಮಗ್ಗ ನಿಂತರೆ ತೊಟ್ಟಿಲ ಮಗು ಎದ್ದು ಅಳುತ್ತದೆ ಎಂದು ದೊಡ್ಡಮ್ಮ ಹೇಳಿದಾಗ ನಾನು ನಂಬಲಿಲ್ಲ. ಭಾನುವಾರ ಬೆಳಿಗ್ಗೆ ಕಣ್ಣಾರೆ ಕಂಡೆ.

ಮಗ್ಗದ ಮನೆಯೊಳಗೆ ಹೋಗಿ ನೋಡಿ. ಉದ್ದಕ್ಕೆ ಬಿಗಿದ ನೂಲು ಹಾಸು, ಅದರ ಮಧ್ಯೆ ಅಡ್ಡಡ್ಡ ಲಾಳಿ ಎಳೆದೊಯ್ಯುವ ನೂಲು ಹೊಕ್ಕು. "ಹಾಸುಹೊಕ್ಕು" ಎಂದು ನಾವು ದಿನವೂ ಆಡುವ ಮಾತು ಈ ಮಗ್ಗದಿಂದ ಎದ್ದು ಬಂದದ್ದೇ. ಮೇಲೆ ನೇತಾಡುವ ತೂತು ತೂತಿನ ರಟ್ಟಿನ ಸರ ಇದೆಯಲ್ಲ, ಅದು ಜಕಾರ್ಡು. ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡ್ ಎಂಬಾತ 1804ರಲ್ಲಿ ರೂಪಿಸಿದ ಉಪಾಯ. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದನ್ನು ರಟ್ಟಿನ ತೂತು ಹೇಳುತ್ತದೆ. ಸೆರಗಿನ ಮೇಲೆ ನವಿಲು ಬರುತ್ತದೆ. ಈಗ ಕೆಲವು ಕಡೆ ರಟ್ಟು ಹೋಗಿ ಕಂಪ್ಯೂಟರಿನ ಪೆಟ್ಟಿಗೆ ಬಂದಿದೆ.

ದೇವಾಂಗದವರು, ತೊಗಟವೀರರು, ಹೀಗೆ ನೇಯ್ಗೆಯನ್ನೇ ಕುಲಕಸುಬು ಮಾಡಿಕೊಂಡವರು ಇಲ್ಲಿ ಬಹಳ. ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ತಂದು ದೇವತೆಗಳಿಗೂ ಮನುಷ್ಯರಿಗೂ ಬಟ್ಟೆ ನೇಯ್ದುಕೊಟ್ಟ ಎಂಬ ಕಥೆ ಅವರದು. ವಚನಕಾರರಲ್ಲಿ ಹಿರಿಯನಾದ ಜೇಡರ ದಾಸಿಮಯ್ಯನೂ ನೇಕಾರನೇ ಅಲ್ಲವೆ? ಹೆಸರು ಗಂಡಸರದು, ಕೆಲಸದಲ್ಲಿ ಅರ್ಧ ಹೆಂಗಸರದು. ಕಂಡಿಕೆ ಸುತ್ತುವುದು, ತುಂಡಾದ ಎಳೆ ಹುಡುಕಿ ಗಂಟು ಹಾಕುವುದು, ನೇಯ್ದ ಸೀರೆಯ ಹಿಂಬದಿಯ ನೂಲು ಕತ್ತರಿಸುವುದು, ಜೊತೆಗೆ ಒಲೆ, ಮಕ್ಕಳು. ಸೀರೆಯ ಮಡಿಕೆಯ ಮೇಲೆ ಅಂಟಿಸುವ ಚೀಟಿಯಲ್ಲಿ ಅವರ ಕೈ ಕಾಣುವುದಿಲ್ಲ.

ಬೀದಿಯಲ್ಲಿ ಬೀಗ ಹಾಕಿದ ಮಗ್ಗದ ಮನೆಗಳೂ ಕಂಡವು. ನೂಲಿನ ಬೆಲೆ ಏರಿತು, ಸೂರತ್ತಿನಿಂದ ಅಗ್ಗದ ಸೀರೆ ಲಾರಿ ಲಾರಿ ಬಂತು, 2020ರ ಲಾಕ್‌ಡೌನಿನಲ್ಲಿ ಮದುವೆಗಳೇ ನಿಂತು ಸೀರೆ ಕೊಳ್ಳುವವರಿಲ್ಲವಾಯಿತು. ದೊಡ್ಡಮ್ಮನ ಪಕ್ಕದ ಮನೆಯಲ್ಲಿ ನಾಲ್ಕು ಮಗ್ಗವಿದ್ದದ್ದು ಈಗ ಎರಡು. ಆ ಮನೆಯ ಸೊಸೆ ಬೆಳಿಗ್ಗೆ ಏಳೂವರೆಗೆ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ದೊಡ್ಡಬಳ್ಳಾಪುರದ ಸುತ್ತ ಈಗ ಇಂಥ ಹೆಣ್ಣುಮಕ್ಕಳು ಎಷ್ಟು ಮಂದಿ! ಊರ ಹೊರಗೆ ಉಡುಪಿನ ಕಾರ್ಖಾನೆಗಳಿಗೆಂದೇ ಅಪೆರಲ್ ಪಾರ್ಕ್ ಎದ್ದಿದೆ. ಬೆಳಿಗ್ಗೆ ಹೊತ್ತು ಅವರ ವ್ಯಾನುಗಳು ಸಾಲಾಗಿ ಹೋಗುವುದನ್ನು ನೋಡಬೇಕು. ಕಿಟಕಿ ಕಿಟಕಿಗೂ ಮುಡಿದ ಕನಕಾಂಬರ.

ಈ ಹುಡುಗಿಯ ವಿಷಯ ಹೇಳಲೆಂದೇ ನಾನು ಇಷ್ಟು ದೂರ ಬಂದದ್ದು. ಶನಿವಾರ ರಾತ್ರಿ ಜಗಲಿಯಲ್ಲಿ ಕೂತು ಎಲ್ಲರೂ ಅವರೆಕಾಯಿ ಸುಲಿಯುತ್ತಿದ್ದೆವು. ಡಿಸೆಂಬರ್ ಎಂದಮೇಲೆ ಈ ಸೀಮೆಯಲ್ಲಿ ಸೊಗಡಿನ ಅವರೆಯಲ್ಲದೆ ಇನ್ನೇನು? ಸುಲಿದ ಕಾಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿದರೆ ಬೇಳೆ ಪಚಕ್ಕನೆ ಹೊರಗೆ ಹಾರುತ್ತದೆ. ಅದೇ ಹಿತಕಿದ ಬೇಳೆ. ಅದರ ಸಾರು, ಬಿಸಿ ಮುದ್ದೆ, ಮೇಲೊಂದು ಚಮಚ ತುಪ್ಪ; ಅದರ ಮುಂದೆ ಬೇರೆ ಊಟ ಬೇಡ. ಇರಲಿ, ವಿಷಯಕ್ಕೆ ಬರುತ್ತೇನೆ.

ಮಾತಿನ ನಡುವೆ ನಾನು ಅವಳನ್ನು ಕೇಳಿದೆ, "ಅಲ್ಲಿ ಏನಮ್ಮಾ ಹೊಲೀತೀಯ ನೀನು?"

"ತೋಳು ಕಣಕ್ಕಾ."

"ಏನು ತೋಳು?"

"ಟೀ ಶರ್ಟಿನ ತೋಳು. ಎಡದ ತೋಳು, ಬಲದ ತೋಳು, ಅಷ್ಟೆ. ಆರು ವರ್ಷ ಆಯ್ತು."

ಕಾರ್ಖಾನೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಲ್ಲಿ ಒಂದು ಉಡುಪನ್ನು ಒಬ್ಬಳು ಹೊಲಿಯುವುದಿಲ್ಲ. ಸಾಲಾಗಿ ಮಿಷನ್ನು, ಇದಕ್ಕೆ ಲೈನು ಎನ್ನುತ್ತಾರೆ. ಒಬ್ಬಳು ಭುಜ ಕೂಡಿಸುತ್ತಾಳೆ, ಒಬ್ಬಳು ಕುತ್ತಿಗೆಪಟ್ಟಿ, ಒಬ್ಬಳು ತೋಳು, ಒಬ್ಬಳು ಪಕ್ಕ, ಒಬ್ಬಳು ಕೆಳಗಿನ ಮಡಿಕೆ. ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್ಟು. ಕೈ ಚುರುಕಾಗುವುದೇನೋ ಹೌದು. ಅವಳು ಬಟ್ಟೆ ಹಿಡಿಯುವ ರೀತಿ ನೋಡಿದರೆ ನಮ್ಮಂಥವರಿಗೆ ಹೊಟ್ಟೆಕಿಚ್ಚಾಗಬೇಕು. ಆದರೆ ಆರು ವರ್ಷದಲ್ಲಿ ಇಂದಿನವರೆಗೆ ಒಂದಾದರೂ ಅಂಗಿಯನ್ನು ಕತ್ತರಿಯಿಂದ ಹಿಡಿದು ಕೊನೆಯ ದಾರ ತುಂಡರಿಸುವವರೆಗೆ ಅವಳು ಹೊಲಿದಿಲ್ಲ. ತಾನು ಉಟ್ಟದ್ದೆಲ್ಲ ಅಂಗಡಿಯದು ಇಲ್ಲವೇ ಟೈಲರನದು. "ಇದು ನಾನು ಹೊಲಿದದ್ದು ಅಂತ ಹೇಳೋಕೆ ನಂಗೆ ಒಂದೂ ಇಲ್ಲ ಅಕ್ಕ. ತೋಳು ಮಾತ್ರ ನಂದು. ಅದು ಯಾವ ದೇಶದಲ್ಲಿ ಯಾರ ಮೈಮೇಲೆ ಇದೆಯೋ!" ಎಂದಳು, ನಗುತ್ತಲೇ.

ಅವಳ ಮನಸ್ಸಿನಲ್ಲಿದ್ದದ್ದು ಬರೀ ಆಸೆಯಲ್ಲ. ಕೆಲಸ ಬಿಟ್ಟು ಮನೆಯಲ್ಲೇ ಮಿಷನ್ನು ಹಾಕಿಕೊಂಡು ಕೂರಲೇ ಎಂದು ಅವಳು ಯೋಚಿಸುತ್ತಿದ್ದಳು. ಚಿಕ್ಕ ಮಗಳು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಯಲ್ಲಿ ಇರಬೇಕು ಎಂಬುದು ಅವಳ ಆಸೆ. ಆದರೆ ತೋಳು ಬಿಟ್ಟು ಬೇರೇನೂ ಹೊಲಿಯಲು ಬಾರದವಳು ಟೈಲರ್ ಆಗುವುದು ಹೇಗೆ? ಅತ್ತೆಯ ಪ್ರಶ್ನೆಯೂ ಅದೇ. ನನ್ನ ಚೀಲದಲ್ಲಿ ಬೆಂಗಳೂರಿನಿಂದ ತಂದಿದ್ದ ಪಟ್ಟೆ ಪಟ್ಟೆ ಬನಿಯನ್ ಬಟ್ಟೆ ಒಂದು ಕೆ.ಜಿ. ಇತ್ತು. ನಾಳೆ ಭಾನುವಾರ ಇಬ್ಬರೂ ಸೇರಿ ಎರಡು ಟಾಪು ಹೊಲಿಯೋಣ, ಕತ್ತರಿಸುವುದು ನನ್ನದು, ಮಿಷನ್ನಿನ ಮೇಲೆ ಕೈ ನಿನ್ನದು ಎಂದೆ.

ಇಲ್ಲೊಂದು ತಮಾಷೆ ಆಯಿತು. "ಪಟ್ಟೆ ಬಟ್ಟೇಲಿ ಟಾಪು" ಎಂದಿದ್ದನ್ನು ಕೇಳಿ ಅವಳ ಅತ್ತೆ ಒಳಗಿನಿಂದ ಓಡಿ ಬಂದರು. ನೇಕಾರರ ಮನೆಯಲ್ಲಿ ಪಟ್ಟೆ ಎಂದರೆ ರೇಷ್ಮೆ ಅಲ್ಲವೆ! "ಪಟ್ಟೇಲಿ ಯಾರಾದ್ರೂ ಟಾಪು ಹೊಲೀತಾರಾ? ದುಡ್ಡೇನು ಮರದಲ್ಲಿ ಬಿಡತ್ತಾ?" ನಾನು ಬಟ್ಟೆ ಬಿಡಿಸಿ ತೋರಿಸಿದೆ. ಬಿಳಿಯ ಮೇಲೆ ಕಡುನೀಲಿ ಗೀರು. ಅವರು ಎರಡು ಬೆರಳಿನಲ್ಲಿ ಹಿಡಿದು ಎಳೆದು, "ಓ, ಗಂಡಸರ ಬನಿಯನ್ನು" ಎಂದು ಒಳಗೆ ಹೋದರು.

ಬನಿಯನ್ ಬಟ್ಟೆ ಎಂದು ನೀವೂ ಮೂಗು ಮುರಿಯಬೇಡಿ. 1916ರ ಸುಮಾರಿಗೆ ಫ್ರಾನ್ಸಿನ ಕೊಕೊ ಶನೆಲ್ ಎಂಬಾಕೆ, ಅಲ್ಲಿಯವರೆಗೆ ಹೆಚ್ಚಾಗಿ ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಇದೇ ಜರ್ಸಿ ಬಟ್ಟೆಯಲ್ಲಿ ಹೆಂಗಸರ ಉಡುಪು ಹೊಲಿದು ಹೆಸರಾದಳು. ನೀಲಿ ಗೀರಿನ ಅಂಗಿಗೂ ಅದೇ ದೇಶದ ಕಥೆ. 1858ರಲ್ಲಿ ಅಲ್ಲಿಯ ನೌಕಾಪಡೆ ನಾವಿಕರಿಗೆ ಇದನ್ನು ಸಮವಸ್ತ್ರ ಮಾಡಿತು. ಬಿಳಿ ಪಟ್ಟೆ 21, ಒಂದೊಂದೂ 20 ಮಿ.ಮೀ.; ನೀಲಿ ಪಟ್ಟೆ ಅದರ ಅರ್ಧ ಅಗಲ. ಹಡಗಿನವರ ಅಂಗಿ ಹೆಂಗಸರ ಮೈಗೇರಿ, ಸುತ್ತಿ ಸುತ್ತಿ ದೊಡ್ಡಬಳ್ಳಾಪುರದ ಜಗಲಿಗೂ ಬಂತು ನೋಡಿ.

ಮಗ್ಗದ ಬಟ್ಟೆಗೂ ಇದಕ್ಕೂ ಭೇದವೇನು? ಸೀರೆಯ ಅಂಚಿನ ಒಂದು ಎಳೆ ಎಳೆದರೆ ಅದು ನೇರವಾಗಿ ಬರುತ್ತದೆ, ಏಕೆಂದರೆ ಹಾಸು ಹೊಕ್ಕು ಎರಡೂ ನೆಟ್ಟಗೆ ಬಿಗಿದ ನೂಲು. ಬನಿಯನ್ ಬಟ್ಟೆಯಲ್ಲಿ ಇರುವುದು ಕುಣಿಕೆಯೊಳಗೊಂದು ಕುಣಿಕೆ, ನೀವು ಕಡ್ಡಿಯಲ್ಲಿ ಸ್ವೆಟರ್ ಹೆಣೆಯುತ್ತೀರಲ್ಲ, ಥೇಟ್ ಅದೇ, ಆದರೆ ಸಣ್ಣ ನೂಲಿನಲ್ಲಿ. ಎಳೆದರೆ ಕುಣಿಕೆ ಅಗಲವಾಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಅದಕ್ಕೇ ಹಿಗ್ಗುವುದು. ಈ ಹೆಣಿಗೆಗೆ ಯಂತ್ರವನ್ನು ಮೊದಲು ಮಾಡಿದವನು ಇಂಗ್ಲೆಂಡಿನ ವಿಲಿಯಂ ಲೀ, 1589ರಲ್ಲಿ. ಹೆಣೆಯುವ ಬಡವರ ಹೊಟ್ಟೆಯ ಮೇಲೆ ಕಲ್ಲು ಬಿದ್ದೀತು ಎಂದು ಎಲಿಜಬೆತ್ ರಾಣಿ ಅವನಿಗೆ ಪರವಾನಗಿ ಕೊಡಲಿಲ್ಲ ಎಂಬ ಕಥೆಯಿದೆ. ಮಗ್ಗದ ಬೀದಿಯಲ್ಲಿ ಆ ಕಥೆ ಹೇಳಿದರೆ ಯಾರೂ ನಗಲಿಲ್ಲ. ನಮ್ಮ ಕಡೆ ಸಿಗುವ ಇಂಥ ಬಟ್ಟೆ ಹೆಚ್ಚಾಗಿ ಬರುವುದು ತಮಿಳುನಾಡಿನ ತಿರುಪ್ಪೂರಿನಿಂದ.

ಈಗ ಬಟ್ಟೆಯ ಲೆಕ್ಕ. ಸಾದಾ ಬಟ್ಟೆಯಂತೆ ಇದನ್ನು ಮೀಟರಿನಲ್ಲಿ ಮಾತ್ರವಲ್ಲ, ತೂಕಕ್ಕೂ ಮಾರುತ್ತಾರೆ. 60 ಇಂಚು ಅಗಲದ್ದಾದರೆ ಒಂದೂಕಾಲು ಮೀಟರು ಸಾಕು. ತೂಗಿದರೆ 300ರಿಂದ 350 ಗ್ರಾಂ. ಪಟ್ಟೆ ಹೊಂದಿಸಲು ಸ್ವಲ್ಪ ಹೆಚ್ಚು ಬೇಕಾದೀತು, ಒಂದು ಟಾಪಿಗೆ ಅರ್ಧ ಕೆ.ಜಿ. ಇಟ್ಟುಕೊಂಡರೆ ನಿಶ್ಚಿಂತೆ. ಕೊಳ್ಳುವಾಗಲೇ ಅಡ್ಡಕ್ಕೆ ಎಳೆದು ಬಿಟ್ಟು ನೋಡಿ. ಹಿಂದಕ್ಕೆ ಬಾರದೆ ಜೋತು ನಿಂತರೆ ಬೇಡ. ಒದ್ದೆ ಬಿಳಿ ಕರ್ಚೀಫಿನಲ್ಲಿ ನೀಲಿ ಪಟ್ಟೆಯನ್ನು ಉಜ್ಜಿ, ಬಣ್ಣ ಬಿಟ್ಟರೆ ಅದನ್ನೂ ಬಿಡಿ. ತಂದದ್ದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಹಿಂಡದೆ, ನೆರಳಲ್ಲಿ ಹರಡಿ ಒಣಗಿಸಿ. ಹತ್ತಿಯ ಹೆಣಿಗೆ ಉದ್ದಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಟಾಪು ಮಗಳಿಗೇ!

ಇನ್ನೊಂದು ಸೂಕ್ಷ್ಮ. ಈ ಬಟ್ಟೆ ಕೆಲವೊಮ್ಮೆ ದಿಂಬಿನ ಚೀಲದಂತೆ ಗೋಳಾಗಿ ಬರುತ್ತದೆ. ಸುತ್ತುವ ಯಂತ್ರದಲ್ಲಿ ಹೆಣೆದದ್ದರಿಂದ ಅದರ ಪಟ್ಟೆ ನಿಜವಾಗಿ ಅಡ್ಡಗೆರೆಯಲ್ಲ, ಸ್ಪ್ರಿಂಗಿನಂತೆ ಮೆಲ್ಲನೆ ಏರುತ್ತಾ ಹೋಗುವ ಸುರುಳಿ. ಕತ್ತರಿಸಿ ಬಿಡಿಸಿದರೆ ಎರಡು ಅಂಚಿನ ಪಟ್ಟೆ ಒಂದಕ್ಕೊಂದು ಕೂಡದು. ಆದ್ದರಿಂದ ಎರಡು ಪದರ ಮಡಿಸಿ ಒಟ್ಟಿಗೆ ಕತ್ತರಿಸಬೇಡಿ. ಮುಂದಿನ ತುಂಡು ಮೊದಲು ಕತ್ತರಿಸಿ, ಅದನ್ನು ಉಳಿದ ಬಟ್ಟೆಯ ಮೇಲಿಟ್ಟು, ಪಟ್ಟೆಯ ಮೇಲೆ ಪಟ್ಟೆ ಕೂರಿಸಿ, ಹಿಂದಿನದನ್ನು ಕತ್ತರಿಸಿ.

ಎದೆ ಸುತ್ತಳತೆ 36 ಇಂಚಿನವರಿಗೆ ನನ್ನ ಅಳತೆ ಹೀಗೆ. ಟಾಪು ದೊಗಲೆಯಾಗಿ ಬೀಳಬೇಕಾದರೆ 8 ಇಂಚು ಸಡಿಲ ಬಿಡಬೇಕು, ಅಂದರೆ ಸುತ್ತಳತೆ 44. ಅದರ ಅರ್ಧ 22, ಹೊಲಿಗೆಗೆ 1 ಸೇರಿಸಿ ಒಂದೊಂದು ತುಂಡು 23 ಇಂಚು ಅಗಲ. ಉದ್ದ ಇಪ್ಪತ್ತೇಳೂವರೆ, ಮಡಿಕೆ, ಹೊಲಿಗೆ ಹೋಗಿ 26 ನಿಲ್ಲುತ್ತದೆ. ಸೊಂಟ ದಾಟಿ ಬರಲಿ ಎನ್ನುವವರು ನಾಲ್ಕು ಇಂಚು ಹೆಚ್ಚಿಸಿ. ಭುಜದ ತುದಿ 1 ಇಂಚು ಇಳಿಜಾರು. ಕುತ್ತಿಗೆ ಅಗಲ 9, ಮುಂದೆ ಆಳ 4, ಹಿಂದೆ 1. ಕಂಕುಳಿಗೆ ಬೇರೆ ಬಾಗು ಬೇಡ, ಪಕ್ಕ ನೇರವಾಗಿಯೇ ಇರಲಿ; ಭುಜದಿಂದ ಕೆಳಗೆ 8 ಇಂಚಿಗೆ ಚಾಕಿನಲ್ಲಿ ಗುರುತು ಮಾಡಿ, ತೋಳು ಅಲ್ಲಿಯವರೆಗೆ. ತೋಳಿನ ತುಂಡು ಮೇಲೆ 17 ಇಂಚು, ಕೆಳಗೆ 12, ಉದ್ದ ಹನ್ನೊಂದೂವರೆ. ಭುಜವೇ ತೋಳಿನ ಮೇಲೆ ಇಳಿದು ಕೂರುವುದರಿಂದ ಇಷ್ಟು ತೋಳು ಮೊಣಕೈ ಮುಟ್ಟುತ್ತದೆ. ಎಲ್ಲ ತುಂಡೂ ಪಟ್ಟೆ ಅಡ್ಡಕ್ಕೆ ಬರುವಂತೆ. ಬಟ್ಟೆ ಹೆಚ್ಚು ಹಿಗ್ಗುವುದು ಆ ಕಡೆಗೇ.

ಬಿಗಿ ಟೀ ಶರ್ಟು ಬಿಟ್ಟು ದೊಗಲೆಯದನ್ನೇ ಏಕೆ ಆರಿಸಿದೆ ಎನ್ನುವಿರಾ? ನಮ್ಮ ಮನೆಗಳಲ್ಲಿರುವುದು ಕಾಲಲ್ಲಿ ತುಳಿಯುವ ಕಪ್ಪು ಮಿಷನ್ನು. ಅದು ಹಾಕುವುದು ನೇರ ಹೊಲಿಗೆ. ಕಾರ್ಖಾನೆಯ ಓವರ್‌ಲಾಕ್ ಹೊಲಿಗೆ ಬಟ್ಟೆಯ ಜೊತೆ ಹಿಗ್ಗುತ್ತದೆ, ನೇರ ಹೊಲಿಗೆ ಹಿಗ್ಗದು, ಪಟ್ಟನೆ ದಾರ ಕಡಿಯುತ್ತದೆ. ಬಟ್ಟೆ ಮೈಗೆ ಅಂಟದಷ್ಟು ಸಡಿಲವಿದ್ದು, ಕುತ್ತಿಗೆ ತಲೆ ನುಸುಳುವಷ್ಟು ಅಗಲವಿದ್ದರೆ ಹೊಲಿಗೆ ಹಿಗ್ಗುವ ಪ್ರಮೇಯವೇ ಕಡಿಮೆ.

ಸೂಜಿ ಮಾತ್ರ ಬದಲಾಯಿಸಲೇಬೇಕು. ಅಂಗಡಿಯಲ್ಲಿ ನಿಮ್ಮ ಮಿಷನ್ನಿನ ಹಳೆಯ ಸೂಜಿ ತೋರಿಸಿ, ಅದೇ ಬಗೆಯ ಬಾಲ್ ಪಾಯಿಂಟ್ ಸೂಜಿ 11 ಇಲ್ಲವೆ 14ನೇ ನಂಬರು ಕೇಳಿ. ಅದರ ಮೊನೆ ಕೊಂಚ ಗುಂಡು. ಕುಣಿಕೆಯನ್ನು ಚುಚ್ಚದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಚೂಪು ಸೂಜಿಯಲ್ಲಿ ಹೊಲಿದದ್ದು ನಾಲ್ಕು ಒಗೆತಕ್ಕೆ ಹೊಲಿಗೆಯುದ್ದಕ್ಕೂ ತೂತು ಬಿಡುತ್ತದೆ. ದಾರ ಪಾಲಿಯೆಸ್ಟರಿನದು. ಪಾದದ ಒತ್ತಡದ ತಿರುಪನ್ನು ಸ್ವಲ್ಪ ಸಡಿಲಿಸಿ. ಬಟ್ಟೆ ಒಳಗೆ ಎಳೆದುಕೊಂಡರೆ ಕೆಳಗೆ ತೆಳು ಬಿಳಿ ಕಾಗದವಿಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ದಿನಪತ್ರಿಕೆ ಬೇಡ, ಮಸಿ ಹತ್ತುತ್ತದೆ.

ಮೊದಲು ಭುಜ. ಇಲ್ಲಿ ಬಟ್ಟೆ ಹಿಗ್ಗಿದರೆ ಕೆಟ್ಟಿತು, ಒಂದೇ ತಿಂಗಳಲ್ಲಿ ಟಾಪು ಮೊಣಕೈಗೆ ಜಾರುತ್ತದೆ. ಅದಕ್ಕೆ ಹೊಲಿಗೆಯ ಜೊತೆ ಹಿಗ್ಗದ ಒಂದು ಪಟ್ಟಿ ಸೇರಿಸಬೇಕು. ಹತ್ತಿಯ ಟೇಪು ತರಲು ನಾನು ಏಳುವಷ್ಟರಲ್ಲಿ ಆ ಅತ್ತೆಯೇ ಮಗ್ಗದ ಮನೆಯಿಂದ ಒಂದು ಹಾಳಾದ ಸೀರೆಯ ಅಂಚು ಕತ್ತರಿಸಿ ತಂದರು. "ಇದನ್ನ ಹಾಕಿ. ಹಾಸಿನ ಕಡೆ ನಮ್ಮ ಸೀರೆ ಒಂದು ನೂಲೂ ಹಿಗ್ಗಲ್ಲ" ಎಂದರು. ಕಾಲಿಂಚು ಅಗಲಕ್ಕೆ ಕತ್ತರಿಸಿ ಭುಜದ ಹೊಲಿಗೆಯೊಳಗೆ ಇಟ್ಟೆವು. ಎಷ್ಟು ಚೆನ್ನಾಗಿ ಕೂತಿತು ಅಂತೀರಿ! ನಿಮ್ಮಲ್ಲೂ ಸೀರೆಗೆ ಫಾಲ್ ಹಾಕಿ ಉಳಿದ ತುಂಡಿದ್ದರೆ ಅದನ್ನೇ ಬಳಸಿ.

ಆಮೇಲೆ ಕುತ್ತಿಗೆ. ಸುತ್ತಳತೆ ಸುಮಾರು 24 ಇಂಚು ಬರುತ್ತದೆ. ಅದೇ ಬಟ್ಟೆಯ ಒಂದೂವರೆ ಇಂಚು ಅಗಲದ, 22 ಇಂಚು ಉದ್ದದ ಪಟ್ಟಿ ಕತ್ತರಿಸಿ, ತುದಿ ಕೂಡಿಸಿ ಬಳೆಯಂತೆ ಮಾಡಿ. ಪಟ್ಟಿಯನ್ನು ಮೆಲ್ಲನೆ ಹಿಗ್ಗಿಸುತ್ತಾ ಕುತ್ತಿಗೆಗೆ ಹೊಲಿದು ಒಳಗೆ ಮಡಿಚಿ. ಪಟ್ಟಿ ಚಿಕ್ಕದಿರುವುದರಿಂದ ಕುತ್ತಿಗೆ ಬಾಯಿ ಬಿಡದೆ ಮೈಗೆ ಕೂರುತ್ತದೆ.

ತೋಳಿನ ಸರದಿ ಬಂದಾಗ ನಾನು ಎದ್ದು ಅವಳಿಗೆ ಮಿಷನ್ನು ಬಿಟ್ಟೆ. ಗುಂಡುಸೂಜಿ ಇಲ್ಲ, ಗುರುತಿಲ್ಲ. ಎಡಗೈ ಕೆಳಗೆ, ಬಲಗೈ ಮೇಲೆ, ಸರ್ರನೆ ಒಂದೇ ಉಸಿರಿಗೆ ಒಂದು ತೋಳು, ಪಟ್ಟೆಗೆ ಪಟ್ಟೆ ಕೂಡಿ! ಗುಟ್ಟು ಕೇಳಿದೆ. "ಎಳೀಬಾರ್ದು ಅಕ್ಕ. ಮುಂದೊಂದು ಕೈ, ಹಿಂದೊಂದು ಕೈ ಇಟ್ಕೊಂಡು ಬಟ್ಟೆ ಬಿಗಿಯಾಗಿ ನಿಲ್ಲೋ ಅಷ್ಟು ಹಿಡೀಬೇಕು. ಎಳೆಯೋ ಕೆಲಸ ಮಿಷನ್ನಿಂದು." ನಿಮಗೂ ಇದೇ ಪಾಠ. ನಮ್ಮಂಥವರು ಒಂದೊಂದು ಪಟ್ಟೆಗೂ ಗುಂಡುಸೂಜಿ ಚುಚ್ಚಿಕೊಂಡೇ ಹೊಲಿಯಬೇಕು. ತೋಳನ್ನು ಪಕ್ಕ ಮುಚ್ಚುವ ಮೊದಲೇ ಚಪ್ಪಟೆಯಾಗಿ ಕೂಡಿಸಿ, ಆಮೇಲೆ ತೋಳಿನ ಕೆಳಗಿನಿಂದ ಕಂಕುಳ ಮೂಲಕ ಸೊಂಟದವರೆಗೆ ಒಂದೇ ಹೊಲಿಗೆ. ಅದರ ಪಕ್ಕ ಕಾಲಿಂಚು ಬಿಟ್ಟು ಎರಡನೆಯ ಹೊಲಿಗೆ. ಹೆಣಿಗೆ ಬಟ್ಟೆ ಅಂಚಿನಲ್ಲಿ ನೂಲು ಬಿಡದ್ದರಿಂದ ಅಷ್ಟೇ ಸಾಕು.

ಕೆಳಗಿನ ಮಡಿಕೆಗೆ ಅವಳು ತಡವರಿಸಿದಳು. ಅದು ಅವಳ ಲೈನಿನಲ್ಲಿ ಇನ್ನೊಬ್ಬಳ ಕೆಲಸ. ಮಿಷನ್ನು ಬೇಡ, ಕೈಯಲ್ಲಿ ಹೆರಿಂಗ್ ಬೋನ್ ಹೊಲಿಗೆ ಹಾಕು ಎಂದೆ. ಅಡ್ಡಡ್ಡ ಹೋಗುವ ಆ ಹೊಲಿಗೆ ಬಟ್ಟೆಯ ಜೊತೆ ಹಿಗ್ಗುತ್ತದೆ, ಮೇಲೆ ಕಾಣುವುದೂ ಇಲ್ಲ. ಇಬ್ಬರೂ ಬಾಗಿಲಿನಲ್ಲಿ ಬಿಸಿಲಿಗೆ ಕೂತು ಹಾಕಿದೆವು. ಕೊನೆಯ ದಾರವನ್ನು ಹಲ್ಲಿನಲ್ಲಿ ಕಡಿದು ಅವಳು ಟಾಪನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೊದಲು ನೋಡಿದ್ದು ತೋಳನ್ನಲ್ಲ, ಕುತ್ತಿಗೆಯನ್ನು.

ಹಾಕಿಕೊಳ್ಳುವುದು ಇನ್ನೊಂದು ಪ್ರಶ್ನೆ. ಬೆಂಗಳೂರು 40 ಕಿ.ಮೀ. ದೂರವಿದ್ದರೂ ಬೀದಿ ಬೀದಿಯೇ. ಸಲ್ವಾರಿನ ಮೇಲೆ ಹಾಕಿ ಸಣ್ಣದೊಂದು ವೇಲು ಇಳಿಬಿಟ್ಟು ನಲ್ಲಿಯ ಹತ್ತಿರ ಹೋಗಿ ಬಂದಳು. ಯಾರೂ ಏನೂ ಅನ್ನಲಿಲ್ಲ, ಒಬ್ಬಾಕೆ ಮಾತ್ರ "ಎಲ್ಲಿ ತಗೊಂಡೆ?" ಎಂದಳಂತೆ. ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ನೈಟಿಯಲ್ಲೇ ಇರುವವರಿಗೆ ನನ್ನ ಮಟ್ಟಿಗೆ ಇದು ವಾಸಿ. ಒಲೆಯ ಮುಂದೆ ಸೆರಗಿನ ಭಯವಿಲ್ಲ, ಬಾಗಿಲು ತಟ್ಟಿದರೆ ಓಡಿ ಹೋಗಿ ಬದಲಾಯಿಸಬೇಕಿಲ್ಲ. ಎಲ್ಲರ ಫ್ರಾಕು, ಚಡ್ಡಿ, ದಿಂಬಿನ ಚೀಲ ಹೊಲಿದ ಮಿಷನ್ನಿನಲ್ಲಿ ನಮಗಾಗಿ ಒಂದನ್ನು ಹೊಲಿಯಲು ನಾವೇ ಎಷ್ಟು ವರ್ಷ ಮುಂದೂಡುತ್ತೇವೆ!

ಕೆಲಸ ಬಿಡುವ ವಿಷಯ ರಾತ್ರಿ ಮತ್ತೆ ಬಂತು. ನನಗೆ ತೋಚಿದ್ದನ್ನು ನೇರವಾಗಿ ಹೇಳಿದೆ, ನಿಮ್ಮಲ್ಲಿ ಯಾರಿಗಾದರೂ ಅದೇ ಯೋಚನೆಯಿದ್ದರೆ ನೀವೂ ಕೇಳಿ. ಒಂದು ಟಾಪು ಬಂತೆಂದು ಸಂಬಳ ಬಿಡಬಾರದು. ಅಂಗಡಿಯಲ್ಲಿ ಟೀ ಶರ್ಟು ಅಗ್ಗವಾಗಿ ಸಿಗುವಾಗ ಇದನ್ನೇ ಹೊಲಿದು ಮಾರಿ ಹೊಟ್ಟೆ ಹೊರೆಯಲಾಗದು. ಹೊಲಿಗೆಯಲ್ಲಿ ಬದುಕುವವರು ನಿಂತಿರುವುದು ರವಿಕೆ, ಫಾಲು, ಸ್ಕೂಲ್ ಯೂನಿಫಾರಂ ಮೇಲೆ. ಅದನ್ನು ಭಾನುವಾರ ಭಾನುವಾರ ಕಲಿಯಲಿ, ಬೀದಿಯವರ ನಾಲ್ಕು ರವಿಕೆ ಕೈಗೆ ಬರಲಿ, ಆಮೇಲೆ ನೋಡೋಣ. ಅತ್ತ ಪಿ.ಎಫ್. ಇದೆ, ಇ.ಎಸ್.ಐ. ಇದೆ, ಐದು ವರ್ಷ ತುಂಬಿದ್ದರಿಂದ ಗ್ರಾಚ್ಯುಟಿಗೂ ಹಕ್ಕಿದೆ. ಪಿ.ಎಫ್. ದುಡ್ಡು ಎಂದರೆ ಈ ಹೆಣ್ಣುಮಕ್ಕಳಿಗೆ ಏನೆಂಬುದನ್ನು 2016ರ ಏಪ್ರಿಲ್‌ನಲ್ಲಿ ಎಲ್ಲರೂ ನೋಡಿದ್ದೇವೆ. ಅದನ್ನು ಪಡೆಯುವ ನಿಯಮ ಬಿಗಿ ಮಾಡಿದಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು, ಕೇಂದ್ರ ಸರ್ಕಾರ ಅದನ್ನು ವಾಪಸು ತೆಗೆದುಕೊಂಡಿತು. ಅವಳು ಎಲ್ಲ ಕೇಳಿ, "ಮಗಳು ದೊಡ್ಡವಳಾಗ್ತಾಳಲ್ಲ ಅಕ್ಕ ಅಷ್ಟರಲ್ಲಿ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅತ್ತೆ ಮಾತ್ರ ಅವಳ ಟಾಪಿನ ಭುಜ ಹಿಡಿದು ನೋಡುತ್ತಾ, "ಮೂರು ಗಂಟೆಗೆ ಮಗು ಬಂದ್ರೆ ನಾನೇನು ಸತ್ತಿದೀನಾ?" ಎಂದರು. ಆರು ವರ್ಷದಲ್ಲಿ ಈ ಮಾತು ಮೊದಲು ಬಂದದ್ದಂತೆ.

ಸೋಮವಾರ ಬೆಳಿಗ್ಗೆ ಅವಳು ವ್ಯಾನು ಹತ್ತಿದಳು, ನಾನು ದೊಡ್ಡಮ್ಮನೊಡನೆ ಘಾಟಿಗೆ ಹೊರಟೆ. ದೊಡ್ಡಬಳ್ಳಾಪುರಕ್ಕೆ ಹೋದವರು ಸುಮಾರು 15 ಕಿ.ಮೀ. ದೂರದ ಘಾಟಿ ಸುಬ್ರಹ್ಮಣ್ಯ ಬಿಟ್ಟು ಬರುವುದುಂಟೆ? ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂದಿನ ನರಸಿಂಹ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ಮಕ್ಕಳಾಗಲೆಂದು ಹರಕೆ ಹೊತ್ತವರು ನಿಲ್ಲಿಸಿದ ನಾಗರಕಲ್ಲುಗಳು ಸಾಲು ಸಾಲು. ಚಳಿಗಾಲದಲ್ಲಿ ಇಲ್ಲಿ ದನಗಳ ಜಾತ್ರೆ. ಕೊಂಬಿಗೆ ಬಣ್ಣ ಬಳಿದ, ಮೈ ತಿಕ್ಕಿದ ಜೋಡಿ ಎತ್ತುಗಳನ್ನು ನೋಡಲು ಪುಣ್ಯ ಬೇಕು. ಸಮಯವಿದ್ದರೆ ಹತ್ತಿರದ ಮಾಕಳಿದುರ್ಗದ ಬೆಟ್ಟವೂ ಇದೆ, ಆದರೆ ಸೀರೆಯುಟ್ಟು ಹತ್ತುವ ಬೆಟ್ಟವಲ್ಲ.

ಟಾಪು ಒಗೆದ ಮೇಲೆ ಹ್ಯಾಂಗರಿಗೆ ಹಾಕಬೇಡಿ, ನೀರಿನ ಭಾರಕ್ಕೆ ಉದ್ದವಾಗುತ್ತದೆ. ಮಂಚದ ಮೇಲೋ ಚಾಪೆಯ ಮೇಲೋ ಹರಡಿ. ಬೀರುವಿನಲ್ಲೂ ಮಡಿಸಿಯೇ ಇಡಿ. ಉಳಿದ ಚೂರುಗಳನ್ನು ಎಸೆಯಬೇಡಿ. ಪಟ್ಟೆಯುದ್ದಕ್ಕೆ ಒಂದಿಂಚು ಅಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಜೋರಾಗಿ ಎಳೆಯಿರಿ. ಅಂಚು ಸುರುಳಿಯಾಗಿ ಗುಂಡನೆಯ ಹಗ್ಗವಾಗುತ್ತದೆ. ಮೂರು ಹಗ್ಗ ಜಡೆ ಹೆಣೆದು, ಜಡೆಯನ್ನು ಸುತ್ತಿ ಸುತ್ತಿ ಹೊಲಿದರೆ ಬಾಗಿಲಿಗೆ ಕಾಲೊರಸು. ಎರಡು ಟಾಪಿನ ಚೂರಿಗೆ ಒಂದು ಸಣ್ಣದು ಆಗುತ್ತದೆ.